ನಾಲ್ಕು ಕಾಲಿನ ರಥ, ಎರಡು ನಿಂಬೆಹಣ್ಣು

ಕೇಳಿರಿ, ಮಂಡಿನೋವಿನ ಮಹಾಜನಗಳೇ, ಸೊಂಟಪಟ್ಟಿಯ ಶೂರರೇ! ಕಲಿಯುಗದ ಪ್ರಥಮ ಪಾದದಲ್ಲಿ, ಗದಗ ಪಟ್ಟಣದ ಒಂದು ಓಣಿಯಲ್ಲಿ, ಮೂವತ್ತಾರು ವರ್ಷ ಸರ್ಕಾರಿ ಬಸ್ಸಿನ ಸ್ಟೇರಿಂಗ್ ತಿರುಗಿಸಿದ, ಘಟ್ಟಮಾರ್ಗಮರ್ದನ, ಮಹಿಷವೃಂದನಿವಾರಕ, ಏಕಹಸ್ತಗೇರ್‌ಪರಿವರ್ತಕ ಫಕೀರಪ್ಪ ಹೊಂಬಳನೆಂಬ ಮಹಾರಥಿಯಿದ್ದನು. ಅವನ ವಿಕ್ರಮವನ್ನು ಹಾಡಲು ನನ್ನ ನಾಲಗೆಗೆ ಬಲ ಕೊಡು, ತಾಯಿ ವಾಗ್ದೇವಿ. ಮೊಣಕಾಲಿಗೆ ಆಮೇಲೆ ಕೊಟ್ಟರೂ ನಡೆದೀತು.

ಬಚ್ಚಲಲ್ಲಿ ಜಾರಿ ತೊಡೆಯೆಲುಬು ಮುರಿದುಕೊಂಡ ಈ ವೀರನು ಮೂರು ತಿಂಗಳಿಂದ ಓಣಿಯ ಮುಖ ಕಂಡಿರಲಿಲ್ಲ. ಬೆಳಿಗ್ಗೆ ಮಡದಿ ನೀಲವ್ವನ ಹೆಗಲು ಹಿಡಿದು ಅಂಗಳದ ಬಿಸಿಲಿಗೆ ಬಂದು ಕೂತರೆ ಅಲ್ಲಿಗೆ ಅವನ ಸಾಮ್ರಾಜ್ಯ ಮುಗಿಯುತ್ತಿತ್ತು. ಡಾಕ್ಟರು ಬರೆದುಕೊಟ್ಟ ವಾಕರ್, ಮುಂದೆರಡು ಗಾಲಿ, ಹಿಂದೆರಡು ರಬ್ಬರ್ ಗೊರಸುಗಳ ಆ ರಜತವರ್ಣದ ರಥ, ಮೂಲೆಯಲ್ಲಿ ನಿಂತು ಟವೆಲ್ ಒಣಗಿಸುತ್ತಿತ್ತು. ಗೇಟಿನಾಚೆಯ ಕಟ್ಟೆಯ ಮೇಲೆ ಅವನ ಹಳೆಯ ಕಂಡಕ್ಟರ್ ಮೌಲಾಸಾಬನು ದಿನವೂ ಒಬ್ಬನೇ ಕೂತು, ಪಕ್ಕದ ಜಾಗವನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿಡುತ್ತಿದ್ದನು. ಒಳಗೆ ಬಂದು ಮಾತಾಡಿಸಿದರೆ ಅದು ರೋಗಿಯನ್ನು ನೋಡಿದ ಹಾಗೆ. ಗೆಳೆತನಕ್ಕೆ ಕಟ್ಟೆಯೇ ಬೇಕು. ಆ ಖಾಲಿ ಜಾಗ ನೋಡಿ ಫಕೀರಪ್ಪನಿಗೆ ಕರುಳು ಕಿತ್ತು ಬರುತ್ತಿತ್ತು. ಆದರೆ ಛಲ ಬಿಡಬೇಕಲ್ಲ!

"ಬ್ರೇಕ್ ಫೇಲಾದ ಗಾಡಿ ಘಟ್ಟದಾಗ ನಿಲ್ಲಿಸಿದ ಕೈ ಇವು!" ಎಂದು ಅವನು ಗರ್ಜಿಸಿದ್ದನು. "ಕೂಸು ನಡಿಯೂ ಬಂಡಿ ಹಿಡಕೊಂಡು ಓಣ್ಯಾಗ ಹೊಂಟ್ರ ಮಂದಿ ನಗ್ತಾರ. ಹ್ವಾದ್ರ ನನ್ನ ಕಾಲ ಮ್ಯಾಲೆ, ಇಲ್ಲಾಂದ್ರ ಮಂಚದ ಮ್ಯಾಲೆ!"

"ಇರ್ರಿ. ಆ ಮಂಚಕ್ಕೂ ಬ್ಯಾಸರಾಗೈತಿ," ಎಂದಿದ್ದಳು ನೀಲವ್ವ.

ಆಯುಧ, ವಾಹನಗಳಿಗೆ ಪೂಜೆ ಸಲ್ಲುವ ಮಹಾನವಮಿಯ ಖಂಡೇಪೂಜೆ ಬಂತು. ಅಲ್ಪಭಾಷಿಣಿಯೂ ಅನಲ್ಪಯುಕ್ತಿಶಾಲಿನಿಯೂ ಆದ ನೀಲವ್ವನು ವಾಕರನ್ನು ಅಂಗಳಕ್ಕೆ ತಂದು, ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಎರಡೂ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದಳು.

"ಪೂಜಿ ಆದ ಗಾಡಿ ನಿಂಬಿಹಣ್ಣು ಒಡೀದ ನಿಂತ್ರ ಕೆಡಕು ಅಂತ ನೀವ ಹೇಳ್ತಿದ್ರಿ. ನಾ ಹೊಡೀಲೇನು?"

ಅಯ್ಯೋ! ಮೂವತ್ತಾರು ಖಂಡೇಪೂಜೆಗಳಲ್ಲಿ ಡಿಪೋದಿಂದ ಮೊದಲ ಗಾಡಿ ಹೊರಡಿಸಿದವನ ಎದುರಿಗೆ, ಮಾಲೆ ಹಾಕಿದ ವಾಹನಕ್ಕೆ ಇನ್ನೊಬ್ಬರು ಕೈಹಾಕುವುದೇ? ಫಕೀರಪ್ಪನು ಎದ್ದನು. ಎರಡೂ ಹಿಡಿಗಳನ್ನು ಬಿಗಿಹಿಡಿದನು. ಆದರೆ ರಥವು ಅಲುಗಲಿಲ್ಲ. ಕಂಡಕ್ಟರ್ ಹೇಳದೆ ಗಾಡಿ ಬಿಡುವುದು ಅವನ ಧರ್ಮವಲ್ಲ.

ಕಟ್ಟೆಯಿಂದ ಎದ್ದು ಬಂದ ಮೌಲಾಸಾಬನು ಗೇಟು ತೆರೆದು, ಅದರ ತಗಡಿಗೆ ಎರಡು ಬಾರಿ ಬಡಿದನು. "ರೈಟ್! ರೈಟ್!"

ರಥ ಚಲಿಸಿತು. ಎಡಗಾಲಿಯ ನಿಂಬೆ ಚಪ್ಪಟೆಯಾಯಿತು. ಬಲಗಾಲಿಯ ದುಷ್ಟ ನಿಂಬೆಯೋ ಪುಟಿದು, ಅಂಗಳದ ಇಳಿಜಾರಿನಲ್ಲಿ ಉರುಳಿ, ಗೇಟು ದಾಟಿತು. ಒಂದೇ ಗಾಲಿಯ ಪೂಜೆ ಮುಗಿದ ವಾಹನದ ಮೇಲೆ ಯಾವ ಡ್ರೈವರಿಗೆ ನೆಮ್ಮದಿಯಿದ್ದೀತು? ಕ್ರೋಧಾರುಣಲೋಚನನಾದ ಫಕೀರಪ್ಪನು ರಥವನ್ನು ಮುಂದೆ ತಳ್ಳಿ, ಹೆಜ್ಜೆಯಿಟ್ಟು, ಮತ್ತೆ ತಳ್ಳಿ, ಅಡ್ಡಬಂದ ಕೋಳಿಗೆ ಬಾಯಿಂದಲೇ ಹಾರ್ನ್ ಹೊಡೆದು ಬೆನ್ನಟ್ಟಿದನು. ನೀಲವ್ವ ಒಂದು ಮೊಳ ಹಿಂದೆ, ಕೈ ಚಾಚಿಕೊಂಡೇ ಬಂದಳು.

"ಬರ್ಲಿ, ಬರ್ಲಿ, ಸ್ವಲ್ಪ ಬಲಕ್ಕ ತಗೋರಿ ಡ್ರೈವರ್ ಸಾಹೇಬ್ರ... ಹೋಲ್ಡಾನ್!" ಎಂದು ಮೌಲಾಸಾಬನು ಗಾಡಿ ನಿಲ್ಲಿಸಿದನು.

ನಿಂಬೆ ಕಟ್ಟೆಯ ಬುಡದಲ್ಲಿ ನಿಂತಿತ್ತು. ಫಕೀರಪ್ಪನು ತಲೆಯೆತ್ತಿ ನೋಡಿದರೆ, ಅವನು ಓಣಿಯಲ್ಲಿದ್ದನು. ಯಾರೂ ನಗಲಿಲ್ಲ. ಎದುರುಮನೆಯ ಬಸಲಿಂಗವ್ವ ಮಾತ್ರ, "ಇದನ್ನ ಎಲ್ಲಿ ತಂದ್ರಿ ಅಣ್ಣಾರ? ನಮ್ಮ ಮನಿಯವ್ರಿಗೂ ಒಂದು ಬೇಕಾಗಿತ್ತು," ಎಂದಳು.

ಒರೆಸಿಟ್ಟ ಜಾಗದಲ್ಲಿ ಅವನು ಕುಳಿತನು. ಕಣ್ಣು ತುಂಬಿ ಬಂದವು. ಮೌಲಾಸಾಬನು ಎಲೆಯಡಿಕೆಯ ಚೀಲ ಬಿಚ್ಚಿದನು.

ಆ ಮಹಾದಂಡಯಾತ್ರೆಯ ಒಟ್ಟು ದೂರ ಇಪ್ಪತ್ತಮೂರು ಹೆಜ್ಜೆ. ಹತವಾದದ್ದು ಒಂದು ನಿಂಬೆಹಣ್ಣು. ಇನ್ನೊಂದನ್ನು ನೀಲವ್ವ ಬಗ್ಗಿ ಎತ್ತಿಕೊಂಡು, ಸೆರಗಿನಿಂದ ಒರೆಸಿ, ಸೊಂಟಕ್ಕೆ ಸಿಗಿಸಿಕೊಂಡಳು.

"ಇದು ಒಡದಿಲ್ಲ. ನಾಳೆ ಮತ್ತ ಗಾಲಿ ಕೆಳಗ ಇಡ್ತೇನಿ."

ಮಹಾರಥಿಯು ಕೇಳಿಸದವನ ಹಾಗೆ ಚಹಾ ತರಲು ಹೇಳಿದನು.