ಲೆಕ್ಕ ತಪ್ಪದ ಲಾಯ್ಡ್

ಗ್ರೋವರ್ ಆ ಕೊನೆಯ ಮಾತೊಂದನ್ನು ಹೇಳದೆ ಬಾಯಿ ಮುಚ್ಚಿಕೊಂಡಿದ್ದಿದ್ದರೆ, ಲಾಯ್ಡ್ ಬೆಕ್‌ಸ್ಟ್ರಮ್ ರೀನೋ ಪಟ್ಟಣದಲ್ಲಿ ನೆಲಹಾಸು ಮಾರಿಕೊಂಡು, ಸಂಜೆ ಹೆಂಡತಿಯ ಪಕ್ಕ ಸೋಫಾದಲ್ಲಿ ಕಾಲು ಚಾಚಿಕೊಂಡು ಇವತ್ತಿಗೂ ಹೇಗೋ ಕಾಲ ತಳ್ಳುತ್ತಿರುತ್ತಿದ್ದ.

"ಇವತ್ತು ನಿನ್ನ ಕೊನೇ ಪರೀಕ್ಷೆ," ಅಂದಿದ್ದ ಗ್ರೋವರ್. "ನಿಜವಾದ ಕ್ಯಾಸಿನೋ, ನಿಜವಾದ ಮೇಜು. ನಮ್ಮೋರು ಯಾರೋ ಒಬ್ರು ನಿನ್ನ ಹತ್ರ ಬರ್ತಾರೆ. ಯಾರು ಅಂತ ಕೇಳ್ಬೇಡ. ನಿನ್ನ ಲೆಕ್ಕ ತಪ್ಸೋಕೆ ಏನು ಬೇಕಾದ್ರೂ ಮಾಡ್ತಾರೆ. ಹೋದ ಸಲ ಒಬ್ಬನಿಗೆ ಅವನ ಹೆತ್ತ ತಾಯೀನೇ ಕಳ್ಸಿದ್ವಿ. ಅಳ್ತಾ ಬಂದ್ಲು ಪುಣ್ಯಾತ್ಗಿತ್ತಿ! ಲೆಕ್ಕ ಉಳೀತೋ, ನೀನು ನಮ್ಮ ತಂಡ. ಹೋಯ್ತೋ, ವಾಪಸ್ ನೆಲಹಾಸಿನ ಅಂಗಡಿ."

ಗ್ರೋವರನ ತಂಡದ ಕಸುಬು ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟು ಜೂಜಿನ ಮೇಜಿನಲ್ಲಿ, ಬೀಳುವ ಎಲೆಗಳನ್ನು ಎಣಿಸುವುದು. ಸಣ್ಣ ಎಲೆ ಬಿದ್ದರೆ ಒಂದು ಕೂಡು. ಹತ್ತು, ರಾಜ, ರಾಣಿ, ಗುಲಾಮ, ಎಕ್ಕ ಬಿದ್ದರೆ ಒಂದು ಕಳೆ. ಮೊತ್ತ ಏರಿದರೆ ಮುಂದೆ ಬರುವ ಎಲೆಗಳು ಆಟಗಾರನ ಕಡೆ; ಆಗ ಪಣ ಏರಿಸು. ವಿದ್ಯೆ ಇಷ್ಟೇ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇಲ್ಲ. ಆದರೆ ಕ್ಯಾಸಿನೋದವರಿಗೆ ವಾಸನೆ ಹತ್ತಿದರೆ ಮರ್ಯಾದೆಯಾಗಿ ಬಾಗಿಲು ತೋರಿಸುತ್ತಾರೆ. ಹಾಗಾಗಿ ಎಣಿಸುವುದಕ್ಕಿಂತ, ಎಣಿಸುತ್ತಿಲ್ಲ ಎಂದು ಕಾಣಿಸಿಕೊಳ್ಳುವುದೇ ದೊಡ್ಡ ಕಸರತ್ತು. ತುಟಿ ಅಲ್ಲಾಡಬಾರದು. ಯಾರು ಏನು ಕೇಳಿದರೂ ಉತ್ತರ ಕೊಡಬೇಕು. ಜೋಕು ಹೇಳಿದರೆ ನಗಬೇಕು. ತಲೆಯೊಳಗಿನ ಅಂಕಿ ಮಾತ್ರ ತುಂಬಿದ ಕೊಡದ ನೀರಿನಂತೆ ತುಳುಕದೆ ಇರಬೇಕು.

ಇದಕ್ಕಾಗಿ ಲಾಯ್ಡ್ ಗ್ರೋವರನ ಅಡಿಗೆಮನೆಯಲ್ಲಿ ತಿಂಗಳುಗಟ್ಟಲೆ ಒದ್ದಾಡಿದ್ದ. ಒಬ್ಬ ರೇಡಿಯೋ ಕಿರುಚಿಸುತ್ತಿದ್ದ, ಇನ್ನೊಬ್ಬ ಬಾಣಲೆ ಬಡಿಯುತ್ತಿದ್ದ, ಮತ್ತೊಬ್ಬಳು ಕಿವಿಯ ಹತ್ತಿರ ಬಾಯಿಟ್ಟು ಕಂಡವರ ಫೋನ್ ನಂಬರು ಓದುತ್ತಿದ್ದಳು. ಅದು ಸಾಲದು ಅಂತ ಮನೆಯಲ್ಲಿ ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕ ಎಲೆ ಮಗುಚುತ್ತಿದ್ದ. ಹೆಂಡತಿ ಮರ್ನಾ ಎದುರು ಕೂತು ಏನಾದರೂ ಹೇಳುತ್ತಲೇ ಇರುತ್ತಿದ್ದಳು. ಲಾಯ್ಡ್ ಸರಿಯಾದ ಜಾಗದಲ್ಲಿ "ಹೌದಾ?" "ಪಾಪ!" ಅನ್ನುತ್ತಿದ್ದ. ಅಭ್ಯಾಸಕ್ಕೆ ಮರ್ನಾಳಷ್ಟು ಅನುಕೂಲವಾದ ಹೆಂಗಸು ಇನ್ನೊಬ್ಬಳಿಲ್ಲ ಅಂತ ಅವನಿಗೆ ಒಳಗೊಳಗೇ ಹೆಮ್ಮೆ.

ಮಧ್ಯಾಹ್ನ ಮೇಜಿಗೆ ಕೂತ. ಎಲೆ ಹಂಚುವ ಹುಡುಗಿ ಯಂತ್ರದಂತೆ ಹಂಚುತ್ತಿದ್ದಳು. ಎಡಗಡೆ ಫ್ರೆಸ್ನೋ ಊರಿನ ಮುದುಕಿ ಐಡಾ. ಬಲಗಡೆ ಬಾಯ್ಸಿ ಊರಿಂದ ಬಂದ ಹಲ್ಲಿನ ಡಾಕ್ಟರು. ಕುಡಿದು ಕುಡಿದು ಮೂಗು ಟೊಮೇಟೊ ಆಗಿತ್ತು. ಹಿಂದೆ, ಮೇಜುಗಳ ಮೇಲ್ವಿಚಾರಕ ಡೆಲ್ಮಾರ್ ಕೈಕಟ್ಟಿ ನಿಂತಿದ್ದ, ಎಮ್ಮೆ ಮೆಲುಕು ಹಾಕುವಷ್ಟು ನಿಧಾನವಾಗಿ ಚೂಯಿಂಗ್ ಗಮ್ ಜಗಿಯುತ್ತಾ.

"ಎಲ್ಲಿಯವನಪ್ಪಾ ನೀನು?" ಐಡಾ ಶುರು ಮಾಡಿದಳು.

"ಇಲ್ಲೇ, ರೀನೋ." ಮೂರು ಬಿತ್ತು, ಆರು ಬಿತ್ತು. ಲೆಕ್ಕ ಎರಡು.

"ಮದುವೆ ಆಗಿದ್ಯಾ?"

"ಆಗಿದೆ ಅಜ್ಜೀ." ಐದು, ನಾಲ್ಕು ಬಿತ್ತು. ಲೆಕ್ಕ ಈಗ ನಾಲ್ಕು.

"ಎಷ್ಟು ವರ್ಷ ಆಯ್ತು?"

"ನಾಲ್ಕು."

"ಬರೀ ನಾಲ್ಕಾ? ತಲೆ ನೋಡಿದ್ರೆ ನಲವತ್ತು ಆದಹಾಗಿದೆ!"

ಡಾಕ್ಟರು ಮೇಜು ಕುಟ್ಟಿ ನಕ್ಕರು. ಲಾಯ್ಡನೂ ನಕ್ಕ. ಬಾಯಿಗೆ ಬಂದದ್ದು ತಲೆಯೊಳಗಿನ ಅಂಕಿ. ಮದುವೆಯಾಗಿ ಹತ್ತೊಂಬತ್ತು ವರ್ಷ ಆಗಿತ್ತು. ಗ್ರೋವರ್ ಕಳಿಸಿದವಳು ಈ ಮುದುಕಿಯೇ, ಅನುಮಾನವೇ ಇಲ್ಲ! ಐಡಾ ಈಗ ಪಿತ್ತಕೋಶದ ಕಲ್ಲಿನ ಕತೆಗೆ ಇಳಿದಿದ್ದಳು. ಆ ಕಲ್ಲನ್ನು ಸೀಸೆಯಲ್ಲಿ ಹಾಕಿಸಿಕೊಂಡು ಬಂದು ಟೀವಿ ಮೇಲೆ ಇಟ್ಟಿದ್ದಾಳಂತೆ. "ಭಲೇ ಅಜ್ಜೀ," ಅಂದ ಲಾಯ್ಡ್. ಲೆಕ್ಕ ಐದು.

ಅಷ್ಟರಲ್ಲಿ ಡಾಕ್ಟರು ಅವನ ಗಲ್ಲ ಹಿಡಿದು ತಿರುಗಿಸಿದರು. "ಬಾಯಿ ತೆಗಿ ಗುರು. ಆ ದವಡೆ ಹಲ್ಲು ನಂಗ್ಯಾಕೋ ಸರಿ ಕಾಣ್ತಿಲ್ಲ. ಆ ಅನ್ನು... ಆ..."

"ಆ..." ಅಂದ ಲಾಯ್ಡ್, ಓರೆಗಣ್ಣಿನಲ್ಲಿ ಎಲೆ ನೋಡುತ್ತಾ. ಲೆಕ್ಕ ಆರು. ಹೋ, ಇವನೂ ಅವರ ಕಡೆಯವನೇ! ಇಬ್ಬರನ್ನು ಕಳಿಸಿದ್ದಾರೆ! ಗ್ರೋವರನ ತಂಡದ ಮೇಲೆ ಅವನಿಗಿದ್ದ ಗೌರವ ಇಮ್ಮಡಿಯಾಯಿತು.

ಆಗ ಬಂದಳು ಮರ್ನಾ. ಒಳ್ಳೆಯ ಕೋಟು, ಕೈಯಲ್ಲಿ ನೀಲಿ ಸೂಟ್‌ಕೇಸು.

"ಲಾಯ್ಡ್, ನಿನ್ನ ಕಾರು ಹೊರಗಡೆ ನೋಡಿದೆ."

ಲಾಯ್ಡ್ ಒಂದೇ ಕ್ಷಣ ಬೆಚ್ಚಿದ. ಮರುಕ್ಷಣ ಎಲ್ಲ ಹೊಳೆಯಿತು. ತಾಯಿಯನ್ನೇ ಕಳಿಸಿದವರಿಗೆ ಹೆಂಡತಿ ಯಾವ ಲೆಕ್ಕ! ಐಡಾ, ಡಾಕ್ಟರು ಎಲ್ಲ ಬರೀ ಒಗ್ಗರಣೆ; ನಿಜವಾದ ಪರೀಕ್ಷೆ ಇದು. ಸೂಟ್‌ಕೇಸನ್ನೂ ಮರೆಯದೆ ತಂದಿದ್ದಾಳೆ, ಜಾಣೆ.

"ಬಾ ಚಿನ್ನಾ," ಅಂದು ಮತ್ತೆ ಎಲೆಯ ಕಡೆ ತಿರುಗಿದ. ಐದು ಬಿತ್ತು. ಏಳು.

"ಮೂರು ಗಂಟೆ ಬಸ್ಸಿಗೆ ಸ್ಯಾಕ್ರಮೆಂಟೋಗೆ ಹೋಗ್ತಿದೀನಿ, ಅಕ್ಕನ ಮನೆಗೆ. ವಾಪಸ್ ಬರಲ್ಲ."

"ಹೌದಾ?" ಎರಡು ಬಿತ್ತು. ಎಂಟು.

"ಎದೇಲಿ ಗಡ್ಡೆ ಅಂತ ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ನಿಂಗೆ ಎರಡು ಸಲ ಹೇಳಿದ್ದೆ, ಊಟಕ್ಕೆ ಕೂತಾಗ."

"ಪಾಪ!" ಆರು ಬಿತ್ತು. ಒಂಬತ್ತು.

"ಏನೂ ಇಲ್ಲ ಅಂದ್ರು. ಎಷ್ಟು ಹಗುರ ಆಯ್ತು ಗೊತ್ತಾ? ದಾರಿ ಉದ್ದಕ್ಕೂ ಅಳ್ತಾ ಬಂದೆ. ಮನೆಗೆ ಬಂದು ನೋಡಿದ್ರೆ, ಆ 'ಏನೂ ಇಲ್ಲ' ಅನ್ನೋದನ್ನ ಹೇಳ್ಕೊಳೋಕೆ ನಂಗೆ ಒಬ್ಬ ಮನುಷ್ಯ ಇರ್ಲಿಲ್ಲ. ನೀನಿದ್ದೆ. ಎಲೆ ಮಗುಚ್ತಾ ಇದ್ದೆ." ದನಿ ನಡುಗಿತು. "ಲಾಯ್ಡ್, ಒಂದೇ ಒಂದ್ಸಲ ನನ್ನ ಮುಖ ನೋಡು. ನೋಡಿದ್ರೆ ಈ ಸೂಟ್‌ಕೇಸು ವಾಪಸ್ ಮನೆಗೆ ತಗೊಂಡು ಹೋಗ್ತೀನಿ."

ಇದೇ, ಇದೇ ಬಲೆ! ಮುಖ ನೋಡಿದರೆ ಎರಡು ಎಲೆ ತಪ್ಪಿಹೋಗುತ್ತದೆ. ಲಾಯ್ಡ್ ಕತ್ತು ತಿರುಗಿಸಲಿಲ್ಲ. ಅವನ ಮುಂದೆ ರಾಜ, ಎರಡು, ಕೂಡಿದರೆ ಹನ್ನೆರಡು. ಎಲೆ ಹಂಚುವ ಹುಡುಗಿಯ ಮುಂದೆ ಮೂರು.

"ತುಂಬ ಚೆನ್ನಾಗಿ ಬರ್ತಿದೆ ಮರ್ನಾ," ಅಂದ ಮೆಲ್ಲಗೆ, ಮೆಚ್ಚುಗೆಯಿಂದ. "ಕಣ್ಣೀರೂ ಬಂತಾ?"

ಮರ್ನಾ ಸೂಟ್‌ಕೇಸು ಎತ್ತಿಕೊಂಡು ನಡೆದುಬಿಟ್ಟಳು.

"ಗುರು, ಹೆಂಡ್ತಿ ಹೋಗ್ತಿದಾಳೆ ಕಣೋ!" ಡಾಕ್ಟರಿಗೆ ಕುಡಿದದ್ದೆಲ್ಲ ಇಳಿದಿತ್ತು.

"ಏಳೋ ಕಲ್ಲುಗುಂಡಿಗೆಯವನೇ!" ಐಡಾ ಕೈಚೀಲದಿಂದ ಅವನ ಬೆನ್ನಿಗೆ ಬಡಿದಳು. "ನನ್ನ ಪಿತ್ತಕೋಶದ ಕಲ್ಲಿಗೆ ಭಲೇ ಅಂದೆ, ಕಟ್ಕೊಂಡೋಳಿಗೆ ಒಂದು ಮಾತಿಲ್ವಾ?"

"ಹೋಗ್ಲಿ ಬಿಡಿ ಅಜ್ಜೀ, ಆಟ ನೋಡೋಣ," ನಗುನಗುತ್ತಾ ಅಂದ ಲಾಯ್ಡ್. ಎಲೆ ಬೇಡ ಅಂತ ಅಂಗೈ ಅಡ್ಡ ಆಡಿಸಿದ. ಹುಡುಗಿ ತನ್ನ ಮೂರಕ್ಕೆ ರಾಣಿ ಎಳೆದಳು, ಹತ್ತು ಎಳೆದಳು, ಇಪ್ಪತ್ತೊಂದು ದಾಟಿ ಮುಳುಗಿದಳು. ಲಾಯ್ಡ್ ಮುಂದಿನ ಪಣ ನಾಲ್ಕು ಪಟ್ಟು ಏರಿಸಿದ. ಅದನ್ನೂ ಗೆದ್ದ. ಹಂಚುವ ಪೆಟ್ಟಿಗೆಯ ಎಲೆಗಳು ಮುಗಿಯುವ ತನಕ ಅವನ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಎದ್ದು ಕುಣಿಯಬೇಕು ಅನ್ನಿಸಿತು.

ಹೆಗಲ ಮೇಲೆ ಒಂದು ಕೈ ಬಿತ್ತು. ಡೆಲ್ಮಾರ್.

"ಸಾರ್, ಗೆದ್ದಿರೋದು ತಗೊಳ್ಳಿ. ಇನ್ಮೇಲೆ ಇಲ್ಲಿ ನೀವು ಬ್ಲ್ಯಾಕ್‌ಜಾಕ್ ಆಡೋ ಹಾಗಿಲ್ಲ."

"ಯಾಕೆ? ನಾನೇನು ಮಾಡ್ದೆ? ಎಲ್ರ ಹತ್ರ ಮಾತಾಡ್ತಿದ್ದೆ, ನಗ್ತಿದ್ದೆ..."

"ಅದೇ ಸಾರ್ ನಿಮ್ಮನ್ನ ಹಿಡ್ಕೊಟ್ಟಿದ್ದು." ಡೆಲ್ಮಾರ್ ಗಮ್ ಜಗಿಯುವುದು ನಿಲ್ಲಿಸಿದ. "ಈ ಮೇಜುಗಳ ಮುಂದೆ ಹೆಂಡ್ತಿ ಬಿಟ್ಟು ಹೋಗೋದನ್ನ ಬೇಕಾದಷ್ಟು ನೋಡಿದೀನಿ. ಒಬ್ಬ ಅಳ್ತಾನೆ. ಒಬ್ಬ ಹಿಂದೆ ಓಡ್ತಾನೆ. ಒಬ್ಬ ಹೋಗು ಅಂತ ಬೈದು, ಇರೋದೆಲ್ಲ ಪಣಕ್ಕಿಟ್ಟು ಸೋಲ್ತಾನೆ. ಆದ್ರೆ ಕೈಯಲ್ಲಿ ಹನ್ನೆರಡು, ಎದುರು ಮೂರು ಇದ್ದಾಗ ಪುಸ್ತಕ ಓದಿ ಆಡೋರೆಲ್ಲ ಇನ್ನೊಂದು ಎಲೆ ಕೇಳ್ತಾರೆ. ಬೇಡ ಅನ್ನೋನು ಎಣಿಸೋನು ಒಬ್ಬನೇ. ಅದೂ ಆ ಹೆಣ್ಮಗಳು ಹಾಗೆ ಕಣ್ಣೀರು ಹಾಕ್ಕೊಂಡು ಹೋಗ್ತಿರೋವಾಗ! ನಂಗೇ ಅವರ ಹಿಂದೆ ಹೋಗ್ಬೇಕು ಅನ್ನಿಸ್ತು ಸಾರ್. ನೀವು ಎಲೆಯಿಂದ ಕಣ್ಣು ತೆಗೀಲಿಲ್ಲ."

ಬಾಗಿಲ ಹತ್ತಿರ ನಾಣ್ಯ ಹಾಕಿ ಆಡುವ ಜೂಜಿನ ಯಂತ್ರದ ಹಿಡಿ ಎಳೆಯುತ್ತಿರುವಂತೆ ನಟಿಸುತ್ತಾ ಗ್ರೋವರ್ ನಿಂತಿದ್ದ. ಲಾಯ್ಡ್ ಅವನ ಪಕ್ಕಕ್ಕೆ ಹೋದ.

"ಹೊರಗೆ ಹಾಕಿದ್ರು, ಅದು ಬೇರೆ ಮಾತು. ಲೆಕ್ಕ ಮಾತ್ರ ತಪ್ಪಿಲ್ಲ ಗ್ರೋವರ್! ಆದ್ರೂ ಮರ್ನಾನ ಹೇಗಯ್ಯಾ ಒಪ್ಪಿಸಿದೆ?"

"ಯಾರನ್ನ?"

"ನನ್ನ ಹೆಂಡ್ತೀನ."

ಗ್ರೋವರ್ ಯಂತ್ರದಿಂದ ಕಣ್ಣು ತೆಗೆಯಲಿಲ್ಲ. "ನಾವು ಯಾರನ್ನೂ ಕಳ್ಸಿಲ್ಲ ಮಾರಾಯ. ಯಾವತ್ತೂ ಕಳ್ಸಲ್ಲ. ಆ ತಾಯಿ ಕತೆಯೂ ಸುಳ್ಳು. ಬರ್ತಾರೆ ಅಂತ ಒಂದು ಮಾತು ಕಿವಿಗೆ ಹಾಕಿದ್ರೆ ಸಾಕು, ಹೊಸಬ್ರು ಯಾರು ಕೆಣಕಿದ್ರೂ ಅಲ್ಲಾಡಲ್ಲ. ಆ ಕಡೆ ಹೋಗು ಈಗ. ನಿನ್ನ ಫೋಟೋ ಸಂಜೆಯೊಳಗೆ ಊರಿನ ಎಲ್ಲ ಕ್ಯಾಸಿನೋಗೂ ಹೋಗಿರುತ್ತೆ. ನನ್ನ ಪಕ್ಕ ನಿಂತು ನನ್ನ ಹೊಟ್ಟೆಗೂ ಕಲ್ಲು ಹಾಕ್ಬೇಡ."

ಲಾಯ್ಡ್ ಓಡಿದ. ನೆಲಹಾಸು ಹೊತ್ತು ಹೊತ್ತು ಸೊಟ್ಟಗಾಗಿದ್ದ ಸೊಂಟ ಹಿಡಿದುಕೊಂಡು, ಪಕ್ಕದ ಬೀದಿಯ ಬಸ್ ನಿಲ್ದಾಣದ ತನಕ ಓಡಿದ. ಸ್ಯಾಕ್ರಮೆಂಟೋ ಬಸ್ಸು ಗುರುಗುಡುತ್ತಿತ್ತು. ಮರ್ನಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು.

"ಮರ್ನಾ! ನೀನು ನಾಟಕ ಆಡ್ತಿದೀಯ ಅಂದ್ಕೊಂಡೆ ಕಣೇ! ಅವರೇ ಕಳ್ಸಿದಾರೆ ಅಂತ... ನಾನು ಮಾತಿಗೆ ಉತ್ತರ ಕೊಟ್ನಲ್ಲ, ಕೇಳಿಸ್ಕೊಂಡ್ನಲ್ಲ..."

ಮರ್ನಾ ಅವನನ್ನು ದಿಟ್ಟಿಸಿ ನೋಡಿದಳು. ಈಗ ಕಣ್ಣೀರಿರಲಿಲ್ಲ.

"ಕೇಳಿಸ್ಕೊಂಡ್ಯಾ? ಸರಿ. ಹೋಗ್ತೀನಿ ಅಂದಿದ್ದು ಬಿಡು, ಬಸ್ಸು ಎದುರಿಗೇ ಇದೆ. ಯಾಕೆ ಹೋಗ್ತೀನಿ ಅಂತ ಹೇಳಿದೆ? ಅದರಲ್ಲಿ ಒಂದು ಮಾತು ಹೇಳು. ಇಳಿದು ಬರ್ತೀನಿ."

ಲಾಯ್ಡ್ ಬಾಯಿ ತೆರೆದ. ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಅವಳು ಮಾತು ಶುರು ಮಾಡಿದಾಗ ಬಿದ್ದದ್ದು ಐದು. ಆಮೇಲೆ ಎರಡು. ಆಮೇಲೆ ಆರು, ಕೆಂಪು ಆರು. ದನಿ ನಡುಗಿದಾಗ ಬಂದದ್ದು ಮೂರು. ಆ ಎಲೆಗಳ ನಡುವೆ ಯಾವುದೋ ಒಂದು ದನಿ ಇತ್ತು, ಪಕ್ಕದ ಮನೆಯ ರೇಡಿಯೋದ ಹಾಗೆ. ಅದು ಏನು ಹೇಳಿತು?

"ಸ್ವಾಮೀ, ಹತ್ತೋರಾ ಕಳಿಸೋರಾ?" ಡ್ರೈವರು ಒಳಗಿಂದ ಕೂಗಿದ.

ಗೊತ್ತಿಲ್ಲದೆ ಪಣ ಕಟ್ಟುವುದನ್ನು ಲಾಯ್ಡ್‌ಗೆ ಯಾರೂ ಕಲಿಸಿರಲಿಲ್ಲ. ಆದರೂ ಕಟ್ಟಿದ.

"ಫ್ರಿಜ್ಜಿನಲ್ಲಿ ಊಟ ಇಟ್ಟಿದೀನಿ, ಬಿಸಿ ಮಾಡ್ಕೊ... ಅಂದೆ. ಅಲ್ವಾ?"

ಮರ್ನಾ ಎರಡನೆಯ ಕಾಲನ್ನೂ ಮೆಟ್ಟಿಲ ಮೇಲೆ ಇಟ್ಟಳು.

"ಅದನ್ನೂ ಇಟ್ಟಿಲ್ಲ," ಅಂದಳು. ಬಾಗಿಲು ಮುಚ್ಚಿಕೊಂಡಿತು.