ನನ್ನ ಹಣೆಯ ಗಾಯದ ಕಲೆ ಅಸಲಿ ಎಂದು ಪರಿಗಣಿಸುವ ಬಗ್ಗೆ

ಇಂದ:
ಸ್ಟುಡಿಯೋ ಫೋಟೋಗ್ರಾಫರರ ಒಬ್ಬಳೇ ಮಗಳು,
ಸ್ಟುಡಿಯೋ ಮೇಲಿನ ಮನೆ,
ಬಸ್ ನಿಲ್ದಾಣದ ಎದುರು.

ಗೆ:
ಮಾನ್ಯ ವೀಸಾ ಅಧಿಕಾರಿಗಳು,
ಕೊನೆಯ ಕಿಟಕಿ, ಗಾಜಿನ ಆಚೆ ಬದಿ.

ವಿಷಯ: ಸುಳ್ಳು ಗುರುತಿನ ದಾಖಲೆ ಎಂಬ ಕಾರಣಕ್ಕೆ ವಿದ್ಯಾರ್ಥಿ ವೀಸಾ ನಿರಾಕರಿಸಿದ್ದನ್ನು ಮರುಪರಿಶೀಲಿಸಿ, ನಾನು ನಾನೇ ಎಂದು ಒಪ್ಪಿಕೊಳ್ಳುವ ಕುರಿತು.

ಉಲ್ಲೇಖ: 1) ತಮ್ಮ ನಿರಾಕರಣೆ ಪತ್ರ. 2) ಅದನ್ನು ಓದಿದ ಮೇಲೆ ನಮ್ಮಮ್ಮ ಅಪ್ಪನಿಗೆ ಮೌಖಿಕವಾಗಿ ಜಾರಿ ಮಾಡಿದ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೃತಕ ಕೈಕಾಲು ತಯಾರಿಸುವುದನ್ನು ಕಲಿಯಲು ನನಗೆ ತಮ್ಮ ದೇಶದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಮುಂದಿನ ತಿಂಗಳು ತರಗತಿ ಶುರು. ಅಷ್ಟರೊಳಗೆ ಹೋಗಿ ಕೂರದಿದ್ದರೆ ಸೀಟು ಬೇರೆಯವರ ಪಾಲು. ಹೀಗಿರುವಾಗ ತಾವು "ದಾಖಲೆಯಲ್ಲಿರುವ ವ್ಯಕ್ತಿಯೂ ಖುದ್ದು ಹಾಜರಾದ ವ್ಯಕ್ತಿಯೂ ಬೇರೆ ಬೇರೆ" ಎಂದು ಷರಾ ಬರೆದಿದ್ದೀರಿ. ಮೊದಲು ಮೈಯೆಲ್ಲ ಉರಿದುಹೋಯಿತು. ಆಮೇಲೆ ದಾಖಲೆಗಳಲ್ಲಿದ್ದ ನನ್ನ ಫೋಟೋಗಳನ್ನು ತೆಗೆದು ಸರಿಯಾಗಿ ನೋಡಿದೆ. ತಮ್ಮ ಜಾಗದಲ್ಲಿ ನಾನಿದ್ದರೂ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಕಾರಣ, ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ಸಂದರ್ಶನದ ದಿನ ತಾವು ಪಾಸ್‌ಪೋರ್ಟ್ ಎತ್ತಿ ಹಿಡಿದು ಕೇಳಿದಿರಿ:
"ಇದರಲ್ಲಿರೋರು ಯಾರಮ್ಮ?"
"ನಾನೇ ಸರ್."
"ಗಾಯದ ಕಲೆ ಎಲ್ಲಿ?"
"ಇಲ್ಲಿದೆಯಲ್ಲ ಸರ್, ಎಡಗಡೆ ಹಣೆ ಮೇಲೆ."
"ಫೋಟೋದಲ್ಲಿ ಎಲ್ಲಿ ಅಂತ ಕೇಳಿದ್ದು."
ಅರ್ಜಿಯಲ್ಲಿ "ಗುರುತಿನ ಚಿಹ್ನೆ" ಎಂಬಲ್ಲಿ ಅಪ್ಪ ತಮ್ಮ ಮುದ್ದಾದ ಕೈಬರಹದಲ್ಲಿ "ಯಾವುದೂ ಇಲ್ಲ" ಎಂದು ತುಂಬಿದ್ದರು. ನಾನು ಓದದೆ ಸಹಿ ಹಾಕಿದ್ದೆ.

2. ಅಪ್ಪ ಯಾರ ಮುಖವನ್ನೂ ಇದ್ದ ಹಾಗೆ ಬಿಟ್ಟವರಲ್ಲ. ಹಿಂದೆ ನೆಗೆಟಿವ್ ಮೇಲೆ ಸೀಸದಕಡ್ಡಿ ಆಡಿಸುತ್ತಿದ್ದರು, ಈಗ ಮೌಸ್ ಆಡಿಸುತ್ತಾರೆ. ಫೋಟೋ ತೆಗೆಸಲು ಬಂದವರು ಎದ್ದು ಹೋದ ಮೇಲೆಯೇ ಅಪ್ಪನ ನಿಜವಾದ ಕೆಲಸ ಶುರು. ದಿನಸಿ ಅಂಗಡಿಯವರಿಗೆ ಕೂದಲು ಬೆಳೆಸಿದ್ದಾರೆ. ಹೆಡ್‌ಮೇಷ್ಟ್ರ ಮುಖದ ಮೇಲೆ ನಗು ತರಿಸಿದ್ದಾರೆ, ಅದು ಅವರ ಹೆಂಡತಿ ಕೈಲೂ ಆಗದ ಕೆಲಸ. ಪೊಲೀಸಪ್ಪನ ಗುರುತಿನ ಚೀಟಿ ಒಮ್ಮೆ ಕಳೆದುಹೋದಾಗ, ಸಿಕ್ಕಿದವರು ಫೋಟೋ ನೋಡಿ ಅದನ್ನು ನಿಯತ್ತಾಗಿ ಅವರ ತಮ್ಮನ ಕೈಗೆ ಕೊಟ್ಟು ಹೋದರು. ಯಾರೂ ತಕರಾರು ಮಾಡಿಲ್ಲ. ಇದ್ದ ಮುಖವೇ ಬೇಕಿದ್ದರೆ ಮನೆಯಲ್ಲಿ ಕನ್ನಡಿ ಇಲ್ಲವೇ?
ಪ್ರಸ್ತುತ ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಇಲ್ಲಿ ಒಂದು ಮಾತು. ತಮ್ಮ ಕೊರಳಿನ ಕಾರ್ಡಿನಲ್ಲಿ ತಮಗೆ ಒಂದೇ ಗದ್ದವಿತ್ತು. ಗಾಜಿನ ಈಚೆಯಿಂದ ಎರಡು ಕಂಡವು. ಆದರೂ ನಾನು ತಮ್ಮ ಮೇಲೆ ಯಾವ ಸಂಶಯವನ್ನೂ ವ್ಯಕ್ತಪಡಿಸಲಿಲ್ಲ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

3. ಒಂದನೇ ತರಗತಿಯಿಂದ ಪಾಸ್‌ಪೋರ್ಟಿನವರೆಗೆ ನನ್ನ ಎಲ್ಲ ಫೋಟೋಗಳೂ ಅಪ್ಪನ ಕೈಯವೇ. ಆದ್ದರಿಂದ ಎಲ್ಲ ದಾಖಲೆಗಳೂ ಒಂದಕ್ಕೊಂದು ಚೆನ್ನಾಗಿ ತಾಳೆಯಾಗುತ್ತವೆ. ತಾಳೆಯಾಗದಿರುವುದು ನಾನು ಮತ್ತು ನನ್ನ ಬಸ್ ಪಾಸು ಮಾತ್ರ. ಪಾಸಿನ ಫೋಟೋವನ್ನು ಡಿಪೋದ ಕೌಂಟರಿನಲ್ಲೇ ತೆಗೆಯುತ್ತಾರೆ. ಅದರಲ್ಲಿ ಕಣ್ಣು ಅರ್ಧ ಮುಚ್ಚಿದೆ, ಬಾಯಿ ಅರ್ಧ ತೆರೆದಿದೆ, ಗಾಯ ಪೂರ್ತಿ ಇದೆ. ಲೋಕದಲ್ಲಿ ನಾನು ಇದ್ದೇನೆ ಎನ್ನುವುದಕ್ಕೆ ಇರುವ ಏಕೈಕ ಪುರಾವೆ ಅದು. ಸಂದರ್ಶನದಲ್ಲಿ ತೋರಿಸಿದರೆ ತಾವು ಅದನ್ನೇ ನಕಲಿ ಎಂದು ಬದಿಗಿಟ್ಟಿರಿ.

4. ಉಲ್ಲೇಖ (2)ರ ಸಾರಾಂಶ: "ಮಗಳ ಹಣೆ ತಿದ್ದೋಕೆ ಹೋಗಿ ಅವಳ ಹಣೆಬರಹಾನೇ ತಿದ್ದಿಬಿಟ್ರಲ್ರೀ!" ಅಪ್ಪ ಕೆಳಗೆ ಹೋಗಿ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತರು. ಎಲ್ಲರಿಗೂ "ಗದ್ದ ಸ್ವಲ್ಪ ಮೇಲೆ" ಎನ್ನುವವರು ತಲೆ ತಗ್ಗಿಸಿ ಕೂತಿದ್ದರು.
ನಾನು ಕೇಳಿದೆ, "ಅಲ್ಲಪ್ಪಾ, ಬೇರೆಯವರು ಟಚಪ್ ಮಾಡಿ ಅಂತಾರೆ, ಮಾಡ್ತೀಯ. ನಾನು ಯಾವತ್ತು ಕೇಳಿದ್ದೆ?"
"ನಿನಗೆ ಗಾಯ ಆದ ದಿನ ನಾನು ಮದುಮಗನಿಗೆ ಸ್ವಲ್ಪ ನಗಿ, ಸ್ವಲ್ಪ ನಗಿ ಅಂತಿದ್ದೆ ಕಣಮ್ಮ. ಕಣ್ಣು ಕ್ಯಾಮೆರಾದಲ್ಲಿತ್ತು. ನೀನು ಪುಟ್ಟ ಮಗು, ವೈರು ಎಡವಿದೆ, ಲೈಟಿನ ಸ್ಟ್ಯಾಂಡು ನಿನ್ನ ಮೇಲೇ ಬಿತ್ತು. ಬಿದ್ದ ಸದ್ದು ಕೇಳಿದ ಮೇಲೂ ನಾನು ಬಟನ್ ಒತ್ತಿ ಆಮೇಲೆ ತಿರುಗಿದೆ." ನನ್ನ ಹಣೆ ನೋಡಿ ಹೇಳಿದರು, "ಫೋಟೋದಲ್ಲಾದರೂ ಅದು ಆಗದೇ ಇರಲಿ ಅನ್ನಿಸ್ತು."
ಮಾನ್ಯರೇ, ನನಗೆ ಅಳು ಬಂತು. ಅಪ್ಪನ ಮೇಲೆ ಇದ್ದಬದ್ದ ಸಿಟ್ಟೆಲ್ಲ ಇಳಿದುಹೋಯಿತು. ಅದು ನನಗೆ ಬರೀ ಕಲೆ. ತಲೆ ಬಾಚುವಾಗ ಬಾಚಣಿಗೆ ತಗಲುತ್ತದೆ, ಅಷ್ಟೇ. ಅವರು ಅದನ್ನು ಇಷ್ಟು ವರ್ಷ ಹೊತ್ತುಕೊಂಡು ಓಡಾಡಿದ್ದು ನನಗೆ ಗೊತ್ತೇ ಇರಲಿಲ್ಲ.

5. ಮಾರನೆಯ ದಿನ ಬೆಳಿಗ್ಗೆ ಅಪ್ಪ ಅದೇ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಹೊಸ ಫೋಟೋ ತೆಗೆದರು. ಗಾಯ ಚೆನ್ನಾಗಿ ಕಾಣಲೆಂದು ಲೈಟನ್ನು ತಾವೇ ಎಡಕ್ಕೆ ಸರಿಸಿದರು. ಕಂಪ್ಯೂಟರ್ ಮುಂದೆ ಕೂತಾಗ ಅಭ್ಯಾಸಬಲದಿಂದ ಕೈ ಮೌಸಿನ ಹತ್ತಿರ ಹೋಯಿತು. ಅಮ್ಮ ಹಿಂದಿನಿಂದ ಕೆಮ್ಮಿದರು. ಕೈ ವಾಪಸ್ ಬಂತು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ದಾಖಲೆ ತಿದ್ದಿದ್ದು ಮೋಸಕ್ಕಲ್ಲ, ಸಂಕಟಕ್ಕೆ ಎಂದು ಪರಿಗಣಿಸಿ, "ಗುರುತಿನ ಚಿಹ್ನೆ: ಎಡ ಹಣೆಯ ಮೇಲೆ ಗಾಯದ ಕಲೆ" ಎಂದು ತಿದ್ದುಪಡಿ ಮಾಡಿಕೊಂಡು ವೀಸಾ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಖುದ್ದು ಹಾಜರಾದ ವ್ಯಕ್ತಿ

ಅಡಕಗಳು:
ಅ) ಬಸ್ ಪಾಸು (ಮೂಲ ಪ್ರತಿ. ದಯವಿಟ್ಟು ಬೇಗ ಹಿಂತಿರುಗಿಸಿ, ಈಗ ಎಲ್ಲ ಕಡೆಗೂ ನಡೆದೇ ಹೋಗುತ್ತಿದ್ದೇನೆ.)
ಆ) ಹೊಲಿಗೆ ಹಾಕಿದ ಡಾಕ್ಟರ ಚೀಟಿ.
ಇ) ಹೊಸ ಫೋಟೋ, ಎರಡು ಪ್ರತಿ.

ವಿ.ಸೂ.: ವೀಸಾಗೆ ಒಂದೇ ಫೋಟೋ ಸಾಕೆಂದು ಬಲ್ಲೆ. ಎರಡನೆಯದರ ಹಿಂದೆ "ಈ ಮುಖ ಅಸಲಿ" ಎಂದು ಬರೆದು, ತಮ್ಮ ಮೊಹರು ಒತ್ತಿ ಅಪ್ಪನ ಹೆಸರಿಗೆ ಕಳಿಸಿಕೊಡಬೇಕು. ಸ್ಟುಡಿಯೋ ಶೋಕೇಸಿನಲ್ಲಿದ್ದ ನನ್ನ ಹಳೆಯ ಫೋಟೋವನ್ನು ಅವರು ತೆಗೆದುಬಿಟ್ಟಿದ್ದಾರೆ. ಹೊಸದನ್ನು ಹಾಕಪ್ಪಾ ಎಂದರೆ, "ಸರ್ಕಾರದವರು ಒಪ್ಪಲಿ ತಾಳು" ಎನ್ನುತ್ತಾರೆ.