ಮೌನಧಾಮದಲ್ಲಿ ಗಟ್ಟಿಮೇಳ

ನಾಯಂಡಹಳ್ಳಿಯ ಮೌನಧಾಮ ಹೋಟೆಲಿನ ಆವರಣದಲ್ಲಿ ಪಿಸುಮಾತಿಗಿಂತ ಜೋರಾದ ಶಬ್ದವನ್ನು ಅತಿಥಿಗಳ ನೆಮ್ಮದಿಯ ಹಿತದೃಷ್ಟಿಯಿಂದ ರದ್ದುಪಡಿಸಲಾಗಿದೆ. ಕಾಂಪೌಂಡಿನಾಚೆ ಮೈಸೂರು ರಸ್ತೆಯ ಲಾರಿಗಳು ಈ ಆದೇಶವನ್ನು ಇನ್ನೂ ಓದಿಲ್ಲ. ಗಾಜು ಮೂರು ಪದರ ಇರುವುದರಿಂದ ಅವು ಓದದಿದ್ದರೂ ನಡೆಯುತ್ತದೆ.

ಹೋಟೆಲು ನಿಂತಿರುವುದು ಚಿಕ್ಕಣ್ಣನವರ ರಾಗಿ ಹೊಲದಲ್ಲಿ. ಜಾಗವನ್ನು ಲೀಸಿಗೆ ಕೊಡುವಾಗ ಅವರು ಹಾಕಿದ್ದು ಒಂದೇ ಷರತ್ತು: ಮೊಮ್ಮಗಳು ಧನ್ಯಶ್ರೀಯ ಮದುವೆ ಅಲ್ಲೇ ಆಗಬೇಕು. ಗೋಡೆಗಳಿಗೆ ಗಾರೆ ಬಳಿಯದೆ ಬಿಟ್ಟಿದ್ದನ್ನು ಕಂಡು, ಪಾಪ, ಕಂಪನಿಯವರ ಕೈ ಖಾಲಿಯಾಯಿತೇನೋ ಎಂದು ಮರುಗಿದ್ದರು. ಅದು ವಿನ್ಯಾಸವಂತೆ. ಗಾರೆ ಬಳಿಯದಿರುವುದಕ್ಕೇ ಹೆಚ್ಚು ಖರ್ಚಾಯಿತಂತೆ.

ಮದುವೆಯ ಬೆಳಿಗ್ಗೆ ವಾಲಗದವರನ್ನು ಗೇಟಿನಲ್ಲೇ ತಡೆಯಲಾಯಿತು. ಚಿಕ್ಕಣ್ಣನವರು ಗೇಟಿಗೆ ಓಡಿದರು.

“ಗಟ್ಟಿಮೇಳ ಇಲ್ದೆ ತಾಳಿ ಹೆಂಗ್ ಕಟ್ಟೋದು ಸಾರ್?” ಎಂದು ಮ್ಯಾನೇಜರ್ ಮಧುಕುಮಾರರನ್ನು ಕೇಳಿದರು.

“ಮೆಲ್ಲಗೆ ಯಜಮಾನ್ರೇ. ಗಟ್ಟಿಮೇಳ ಯಾಕೆ ಬಾರಿಸ್ತಾರೆ, ಹೇಳಿ?”

“ಆ ಹೊತ್ನಲ್ಲಿ ಸೀನು, ಅಳು, ಕೆಟ್ಟ ಮಾತು ಯಾವ್ದೂ ಕಿವಿಗೆ ಬೀಳ್ಬಾರ್ದು ಅಂತ.”

“ನಮ್ಮಲ್ಲಿ ಯಾವ ಸದ್ದೂ ಬೀಳಲ್ವಲ್ಲ! ಅದು ಪ್ಯಾಕೇಜಲ್ಲೇ ಸೇರಿದೆ.”

ಮುಹೂರ್ತ ಹತ್ತಿರವಾಗುತ್ತಿತ್ತು. ಚಿಕ್ಕಣ್ಣನವರು ಕೈಕಾಲು ಹಿಡಿದ ಮೇಲೆ ‘ದೃಶ್ಯರೂಪದ ಗಟ್ಟಿಮೇಳ’ಕ್ಕೆ ಮಂಜೂರಾತಿ ದೊರೆಯಿತು. ವಾಲಗದವರು ಕೆನ್ನೆ ಉಬ್ಬಿಸಬಹುದು, ಊದತಕ್ಕದ್ದಲ್ಲ. ಡೋಲಿನವರು ಕೈ ಬೀಸಬಹುದು, ಡೋಲಿಗೆ ತಾಗತಕ್ಕದ್ದಲ್ಲ.

ಪುರೋಹಿತರು “ಗಟ್ಟಿಮೇಳ” ಎಂದು ಪಿಸುಗುಟ್ಟಿದರು. ಕೆನ್ನೆಗಳು ಉಬ್ಬಿದವು. ವರ ತಾಳಿ ಎತ್ತಿದ. ಅಷ್ಟರಲ್ಲಿ ಹೋಟೆಲಿನವರು ಸೂರಿನಿಂದ ಸಿಂಪಡಿಸುವ ನಿಂಬೆಹುಲ್ಲಿನ ಸುವಾಸನೆ ತಣ್ಣಗೆ ಇಳಿದು ಚಿಕ್ಕಣ್ಣನವರ ಹೆಂಡತಿ ಬೋರಮ್ಮನ ಮೂಗು ಸೇರಿತು.

“ಹಾಕ್ಷೀ!”

ಬೋಳು ಗೋಡೆಗಳು ಅದನ್ನು ಪ್ರತಿಯೊಬ್ಬ ಬೀಗರಿಗೂ ಪ್ರತ್ಯೇಕವಾಗಿ ತಲುಪಿಸಿದವು. ವರನ ಕೈ ಅಲ್ಲೇ ನಿಂತಿತು.

“ಒಂಟಿ ಸೀನು! ಕಟ್ಬೇಡ ಕಣೋ ಮಹೇಶಾ!” ಎಂದು ವರನ ತಾಯಿ ಇಂದ್ರಮ್ಮ ನಿಯಮಾನುಸಾರ ಪಿಸುದನಿಯಲ್ಲಿ ಕಿರುಚಿದರು.

“ಇನ್ನೊಂದ್ಸಲ ಸೀನೇ, ಬೋರಿ! ಜೋಡಿ ಆದ್ರೆ ದೋಷ ಹೋಗ್ತದೆ,” ಎಂದು ಚಿಕ್ಕಣ್ಣ ಅಂಗಲಾಚಿದರು. ಬೋರಮ್ಮ ಸೆರಗಿನ ತುದಿ ಹೊಸೆದು ಮೂಗಿಗೆ ಹಿಡಿದರು. ಮಧುಕುಮಾರರು ಓಡಿ ಬಂದು ಕೈ ಅಡ್ಡ ಇಟ್ಟರು. ಸೀನಿಗೆ ಅನುಮತಿ ಇಲ್ಲ. ಮೊಮ್ಮಗಳ ಕಣ್ಣಲ್ಲಿ ನೀರು ಕಂಡು ಚಿಕ್ಕಣ್ಣನವರು ಮಧುಕುಮಾರರತ್ತ ತಿರುಗಿದರು.

“ಹಂಗಾದ್ರೆ ಆಗ್ಲೇ ಸೀನಿದ್ದಕ್ಕೆ ಏನ್ ಮಾಡ್ತೀರಾ ಸಾರ್?”

“ಯಾರು ಸೀನಿದ್ದು? ಇಲ್ಲಿ ಜೋರು ಶಬ್ದ ರದ್ದಾಗಿದೆ ಯಜಮಾನ್ರೇ. ರದ್ದಾಗಿರೋದು ಹೆಂಗೆ ಆಗತ್ತೆ?”

ಪುರೋಹಿತರು ಯೋಚಿಸಿದರು. ಅವರಿಗೆ ಸುಂಕದಕಟ್ಟೆಯಲ್ಲಿ ಒಂದು ಗೃಹಪ್ರವೇಶವಿತ್ತು. ಆದ್ದರಿಂದ ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ತೀರ್ಪಿತ್ತರು. ಅಡುಗೆಮನೆಯಿಂದ ಒಬ್ಬಟ್ಟಿನ ಘಮ ಬಂದ ಮೇಲೆ ತಮಗೂ ಏನೂ ಕೇಳಿಸಲಿಲ್ಲವೆಂದು ಇಂದ್ರಮ್ಮ ಒಪ್ಪಿಕೊಂಡರು. ತಾಳಿ ಕಟ್ಟಿದ್ದಾಯಿತು.

ಊಟದ ಪಂಕ್ತಿಯಲ್ಲಿ ಬೋರಮ್ಮನಿಗೆ ಇನ್ನೊಂದು ಸೀನು ಬಂತು, ಮೊದಲಿನದಕ್ಕಿಂತ ಜೋರಾಗಿ. ಒಬ್ಬರೂ ಎಲೆಯಿಂದ ತಲೆ ಎತ್ತಲಿಲ್ಲ. ಮದುವೆಯಾದಾಗಿನಿಂದ ಹೆಂಡತಿ ಸೀನಿದಾಗಲೆಲ್ಲ ಚಿಕ್ಕಣ್ಣನವರು “ನೂರು ವರ್ಷ ಬಾಳು” ಎನ್ನದೆ ಬಿಟ್ಟವರಲ್ಲ. ಬೋರಮ್ಮ ಮೂಗೊರೆಸಿಕೊಂಡು ಗಂಡನ ಮುಖ ನೋಡಿದರು.

ಚಿಕ್ಕಣ್ಣ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು, “ಎಷ್ಟ್ ನೆಮ್ಮದಿ ನೋಡೇ ಇಲ್ಲಿ, ಒಂದು ಸದ್ದೂ ಇಲ್ಲ,” ಎಂದು ಪಿಸುಗುಟ್ಟಿದರು.